ಅವರ ಚೀಟಿ

ಚೀಟಿ ಗಂಡನ ಹೆಸರಿನದು, ವಾರದಿಂದ ಕೆಮ್ಮುತ್ತಿದ್ದವನೂ ಅವನೇ. ಆದರೂ ಡಾಕ್ಟರಮ್ಮನ ಮುಂದೆ ಕೂರುತ್ತಿದ್ದಂತೆ ಅವಳಿಗೆ ಬಾಯಿ ತಡೆಯಲಿಲ್ಲ.

"ಹೆಂಗೂ ಬಂದಿದೀವಲ್ಲ ಮೇಡಂ, ನಂದೂ ಒಂಚೂರು ನೋಡ್ಬಿಡಿ."

ಮಂಡಿನೋವಾಯಿತು, ತಲೆಸುತ್ತಾಯಿತು. ಕೊನೆಗೆ ದನಿ ತಗ್ಗಿಸಿ, "ಎದೇಲೊಂದು ಗಂಟಿದೆ. ಯುಗಾದಿಯಿಂದ. ಇವರಿಗೂ ಹೇಳಿಲ್ಲ," ಎಂದಳು.

ಪರದೆಯ ಹಿಂದೆ ಕರೆದೊಯ್ದು ನೋಡಿದ ಡಾಕ್ಟರಮ್ಮ, ನಾಳೆಯೇ ಸ್ಕ್ಯಾನ್ ಮಾಡಿಸಬೇಕೆಂದು ಬರೆದುಕೊಟ್ಟರು. ಅಷ್ಟರಲ್ಲಿ ಮುಂದಿನ ರೋಗಿ ಬಾಗಿಲಲ್ಲಿ ಇಣುಕಿದ.

ಗಂಡನ ಸರದಿಯನ್ನೆಲ್ಲ ತಾನೇ ನುಂಗಿಹಾಕಿದೆನಲ್ಲ ಎಂದು ಅವಳ ಮುಖ ಸಣ್ಣದಾಯಿತು. ಹೊರಗೆ ಬಂದವಳೇ, "ಅಯ್ಯೋ, ನಿಮ್ ಕೆಮ್ಮು ತೋರಿಸ್ಲೇ ಇಲ್ವಲ್ರೀ!" ಎಂದಳು.

ಗಂಡ ಚಪ್ಪಲಿ ಮೆಟ್ಟುತ್ತಾ ಹೇಳಿದ: "ನಂಗೆಲ್ಲಿ ಕೆಮ್ಮು? ಗಂಟು ತೋರಿಸೋಣ ಬಾ ಅಂದಿದ್ರೆ ನೀನು ಬರ್ತಿದ್ಯಾ?"