ತಿರುಗಿ ಬಂದ ಲೋಡು

ಬಂಟ್ವಾಳಕ್ಕೆ ಹೊರಟ ಲಾರಿ ಬಂಟ್ವಾಳ ಮುಟ್ಟಲೇ ಇಲ್ಲ. ಉನೈಸನ ಮೊಬೈಲಿನ ನಕ್ಷೆಯಲ್ಲಿ ಅದರ ಹಸಿರು ಚುಕ್ಕೆ ಶಿರ್ತಾಡಿ ಪೇಟೆ ದಾಟಿತು, ಎಡಕ್ಕೆ ತಿರುಗಿತು, ಹೆಸರಿಲ್ಲದ ಒಂದು ಓಣಿಯಲ್ಲಿ ನಿಂತಿತು. ಆಮೇಲೆ ನೆಟ್ಟಗೆ ಕಲ್ಲಿನ ಕೋರೆಗೇ ವಾಪಸ್ ಹೊರಟಿತು.

ಸಿಕ್ಕಿದ ಕಳ್ಳ, ಅಂದುಕೊಂಡ ಉನೈಸ್.

ನಾರಾವಿಯ ಈ ಕೆಂಪುಕಲ್ಲಿನ ಕೋರೆಗೆ ಅವನು ಬಂದದ್ದು ಈಚೆಗೆ. ಅದಕ್ಕೂ ಮೊದಲು ದಮ್ಮಾಮಿನಲ್ಲಿ ಕಟ್ಟಡ ಸಾಮಗ್ರಿಯ ಯಾರ್ಡು ನೋಡಿಕೊಳ್ಳುತ್ತಿದ್ದ. ಯಜಮಾನರಾದ ಅಬ್ದುಲ್ ಸಮದ್ ಹಾಜಿಯೇ ಕರೆಸಿಕೊಂಡಿದ್ದರು. "ನಿನ್ನ ಬಾಪ ಹನೀಫಾ ಇಲ್ಲಿ ಕಲ್ಲು ಕಡಿದು ಬೆನ್ನು ಬಗ್ಗಿಸಿದ. ನೀನು ಕುರ್ಚಿಯಲ್ಲಿ ಕೂತು ನಡೆಸು," ಎಂದಿದ್ದರು.

ನಡೆಸಿದ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದಲ್ಲಿ ಯಾವ ಮನೆ ಏಳುತ್ತಿದೆ, ಯಾವ ಸೈಟಿಗೆ ಯಾವ ದಿನ ಎಷ್ಟು ಕಲ್ಲು ಬೇಕು, ಯಾವ ಲಾರಿ ಬರುವಾಗ ಖಾಲಿ ಬರುತ್ತದೆ, ಎಲ್ಲವೂ ಮೊಬೈಲಿಗೆ ಬಂತು. ಲಾರಿಗಳಿಗೆ ಜಿಪಿಎಸ್ ಕೂತಿತು. ಲೋಡು ಹೊರಡುವಾಗ ಒಂದು ಫೋಟೊ, ಇಳಿಸುವಾಗ ಇನ್ನೊಂದು. ಇಷ್ಟಾದರೂ ಆಗಾಗ ಕಲ್ಲು ಕಮ್ಮಿ ಬೀಳುತ್ತಿತ್ತು. ಹೇಳಿದರೆ ಹಾಜಿ ಸುಮ್ಮನೆ ನಗುತ್ತಿದ್ದರು. ಆ ನಗು ಉನೈಸನನ್ನು ಚುಚ್ಚುತ್ತಿತ್ತು. ಕಳ್ಳನನ್ನು ಹಿಡಿಯದಿದ್ದರೆ ಈ ಕುರ್ಚಿಯೇ ಬೇಡ ಎಂದು ಎಲ್ಲರೆದುರು ಬಾಯಿ ಬಿಟ್ಟು ಹೇಳಿಯೂ ಆಗಿತ್ತು.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತಂಗಿ ಶಹಲಾ. ಊಟಕ್ಕೆ ಬರುವುದು ಎಷ್ಟೊತ್ತಿಗೆ ಎಂದು ಕೇಳುವುದು ಅವಳ ದಿನದ ಪಾಠ. ಕಟ್ ಮಾಡಿದ. ಮತ್ತೆ ಬಂತು. ಮತ್ತೆ ಕಟ್ ಮಾಡಿದ.

ಲಾರಿ ಕೋರೆಯೊಳಗೆ ಬಂದು ನಿಂತಿತು. ಅದೇ ಹೊತ್ತಿಗೆ ಕಲ್ಲು ಕೊಯ್ಯುವ ಮಷಿನಿನ ಸದ್ದೂ ನಿಂತಿತು. ಲೋಡ್ ಮಾಡುವ ಬಾಸಿತ್ ಮತ್ತು ಉಳಿದವರು ಮೈಯ ಧೂಳು ಕೊಡವಿಕೊಂಡು ಮೇಲೆ ಬಂದರು. ತಮಾಷೆ ನೋಡಲು ಎಷ್ಟು ಆತುರ ಇವರಿಗೆ, ಎಂದು ಉನೈಸನಿಗೆ ಮೈಯೆಲ್ಲ ಉರಿಯಿತು.

ಡ್ರೈವರ್ ರುಕ್ಮಯ್ಯ ಇಳಿದ. ಲೋಡಿನ ಹಿಂದಿನ ಸಾಲು ಖಾಲಿ.

"ಕಲ್ಲು ಎಲ್ಲಿ, ರುಕ್ಮಯ್ಯ?"

"ಆಮೇಲೆ ಹೇಳ್ತೇನೆ. ಮೊದಲು ಮನೆಗೆ ಹೋಗುವ, ಉನೈಸ್."

ನಿನ್ನೆಯವರೆಗೆ ಸರ್ ಎನ್ನುತ್ತಿದ್ದವನು. ಇಂದು ಹೆಸರು ಹಿಡಿದು ಕರೆಯುವಷ್ಟು ಧೈರ್ಯ.

"ಯಾರ ಮನೆಗೆ?"

"ನಿನ್ನ ಮನೆಗೆ. ಜೀಪು ನಾನು ಓಡಿಸ್ತೇನೆ."

ಓಹೋ, ಇದಾ ಉಪಾಯ! ರುಕ್ಮಯ್ಯ, ಹನೀಫಾ ಇಬ್ಬರೂ ಹರೆಯದಿಂದ ಇದೇ ಕೋರೆಯಲ್ಲಿ ಬೆವರು ಸುರಿಸಿದವರು, ಒಂದೇ ಬುತ್ತಿಯಲ್ಲಿ ಉಂಡವರು. ಗೆಳೆಯನ ಕೈಕಾಲು ಹಿಡಿದು ಪಾರಾಗುವ ಲೆಕ್ಕಾಚಾರ.

"ಬಾಪ ಈ ಸಲ ನಿಮ್ಮ ಪರವಾಗಿ ಒಂದು ಮಾತೂ ಆಡುವುದಿಲ್ಲ. ನೆನಪಿಟ್ಟುಕೊಳ್ಳಿ."

"ಗೊತ್ತುಂಟು," ಎಂದ ರುಕ್ಮಯ್ಯ. ಅವನ ತಲೆ ತಗ್ಗಿತು.

"ಹಾಗಾದರೆ ಕದ್ದೆ ಅಂತ ಹೇಳಿ. ಇಲ್ಲೇ, ಎಲ್ಲರೆದುರು. ಬಾಸಿತ್, ವಿಡಿಯೊ ಮಾಡು."

ಬಾಸಿತ್ ಮೊಬೈಲ್ ತೆಗೆಯಲಿಲ್ಲ. "ಬೇಡ ಉನೈಸಾಕ. ಇವತ್ತು ಬೇಡ," ಎಂದ. ಇನ್ನೂ ಏನೋ ಹೇಳಹೊರಟವನನ್ನು ರುಕ್ಮಯ್ಯ ಕೈಯೆತ್ತಿ ತಡೆದ.

ಉನೈಸ್ ತನ್ನ ಮೊಬೈಲನ್ನೇ ಎತ್ತಿ ಹಿಡಿದ. ರುಕ್ಮಯ್ಯ ಅದನ್ನೊಮ್ಮೆ ನೋಡಿದ, ಅವನ ಮುಖವನ್ನೊಮ್ಮೆ ನೋಡಿದ.

"ನಾನು ಕದ್ದೆ. ಸಾಕಾ? ಈಗ ಮನೆಗೆ ಹೋಗುವ."

ವಿಡಿಯೊ ಡ್ರೈವರುಗಳ ಗ್ರೂಪಿಗೆ ಹೋಯಿತು. ನೋಡಿದವರ ಸಂಖ್ಯೆ ಏರುತ್ತಾ ಹೋಯಿತು. ಒಬ್ಬನೂ ಉತ್ತರಿಸಲಿಲ್ಲ. ಕಳ್ಳನ ಕುಲಕ್ಕೆಲ್ಲ ಬಿಸಿ ಮುಟ್ಟಿತು ಎಂದು ಉನೈಸ್ ಫೋನನ್ನು ಸೈಲೆಂಟಿಗೆ ಹಾಕಿ ಜೇಬಿಗಿಳಿಸಿದ.

ಜೀಪನ್ನು ಅವನೇ ಓಡಿಸಿದ. ಮನೆಗಲ್ಲ, ಆ ಓಣಿಗೆ. ಕದ್ದ ಮಾಲು ಕಣ್ಣಾರೆ ನೋಡಬೇಕಿತ್ತು. "ಅಲ್ಲಿಗೆ ಆಮೇಲೆ ಹೋಗುವ. ಮೊದಲು ಮನೆ," ಎಂದ ರುಕ್ಮಯ್ಯ ಒಮ್ಮೆ. ಉನೈಸ್ ಕಿವಿಗೊಡಲಿಲ್ಲ.

ಓಣಿಯ ಕೊನೆಯಲ್ಲಿ ಹೊಸ ಗೇಟು. ಉನೈಸ್ ಗಲ್ಫಿನಲ್ಲಿದ್ದಾಗ ಮಸೀದಿಯ ಜಮಾಅತಿನವರು ದಫನ ಭೂಮಿಗೆಂದು ತೆಗೆದುಕೊಂಡ ಜಾಗ. ಒಳಗೆ ಅರ್ಧ ತೋಡಿದ ಕಬರ್, ಸುತ್ತ ಊರಿನ ಜನ. ಪಕ್ಕದಲ್ಲಿ ತೊಳೆದು ಓರಣವಾಗಿ ಇಟ್ಟ ಕೆಂಪುಕಲ್ಲುಗಳು. ಹಳ್ಳದೊಳಗೆ ಬನಿಯನ್ನಿನಲ್ಲಿ ನಿಂತು ಗುದ್ದಲಿ ಹಿಡಿದವರು ಸಾಕ್ಷಾತ್ ಸಮದ್ ಹಾಜಿ.

ಉನೈಸನಿಗೆ ಈಗ ನೆನಪಾಯಿತು. ಊರಲ್ಲಿ ಯಾರು ತೀರಿಕೊಂಡರೂ ಕಬರ್‌ಗೆ ಮುಚ್ಚುವ ಕಲ್ಲು ಹಾಜಿಯ ಕೋರೆಯಿಂದಲೇ. ಬಿಲ್ಲಿಲ್ಲ, ಎಣಿಕೆಯಿಲ್ಲ, ಯಾವ ಮನೆಗೆ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಚಿಕ್ಕಂದಿನಿಂದ ನೋಡಿದ ಪದ್ಧತಿ. ಅಷ್ಟೆಲ್ಲ ಹೊಸತು ತಂದವನ ತಲೆಗೆ ಇದೊಂದು ಹೊಳೆದಿರಲಿಲ್ಲ. ಕಮ್ಮಿ ಬಿದ್ದ ಕಲ್ಲುಗಳೆಲ್ಲ ಹೋದದ್ದು ಹೀಗೆ.

ಕಿವಿಯ ತುದಿಯವರೆಗೆ ಬಿಸಿಯೇರಿತು. ಆ ವಿಡಿಯೊ ಇಷ್ಟೊತ್ತಿಗೆ ಎಷ್ಟು ಕೈ ದಾಟಿದೆಯೋ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿ ಆಡಿಸಿದವನ ಬಾಯಲ್ಲಿ ಕದ್ದೆ ಎಂದು ಹೇಳಿಸಿದೆನಲ್ಲ. ನಾಚಿಕೆಯಾಯಿತು, ಮೈಮೇಲಿನ ಬಟ್ಟೆ ಕಳಚಿ ಬಿದ್ದಷ್ಟು ನಾಚಿಕೆ. ರುಕ್ಮಯ್ಯ ಗೇಟಿನಾಚೆಯೇ ನಿಂತಿದ್ದ. ತಪ್ಪಾಯಿತು ರುಕ್ಮಯ್ಯಣ್ಣ, ಎನ್ನಬೇಕಿತ್ತು. ಅಷ್ಟು ಜನರ ಮುಂದೆ ಮನಸ್ಸು ಬರಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ಗದರುವ ದನಿಯೇ ಬಂತು.

"ಯಾರ ಮನೆಯ ಮರಣವೇ ಆಗಲಿ ಸಮದಾಕ, ಒಂದು ಮಾತು ನನಗೆ ಹೇಳಬೇಕಿತ್ತು. ಸತ್ತವರಿಗೆ ಮಕ್ಕಳಿಲ್ಲವಾ? ಅವರಿಗೆ ಅಷ್ಟೂ ಜವಾಬ್ದಾರಿ ಇಲ್ಲವಾ?"

ಅಲ್ಲಿದ್ದವರೆಲ್ಲ ನೆಲ ನೋಡಿದರು. ಹಾಜಿ ಗುದ್ದಲಿ ಕೆಳಗಿಟ್ಟು ಮೇಲೆ ಹತ್ತಿ ಬಂದರು. ಮಣ್ಣಿನ ಕೈಯಲ್ಲೇ ಅವನ ಭುಜ ಹಿಡಿದರು.

"ಬಾಪ ಹೋದ ಸುದ್ದಿ ಮಗನಿಗೆ ದಾರಿಯಲ್ಲಿ ಹೇಳಬೇಡ, ಮೊದಲು ಮನೆಗೆ ಮುಟ್ಟಿಸು ಅಂತ ರುಕ್ಮಯ್ಯನನ್ನು ನಿನ್ನ ಹತ್ತಿರ ಕಳಿಸಿದ್ದು ನಾನೇ, ಉನೈಸ್."