ಒಂದೇ ಸಲ ಓಡುವ ಟೇಪು

ಆಕೆಯೇ. ಅನುಮಾನವೇ ಬೇಡ. ತಲೆ ಬೆಳ್ಳಗಾಗಿದೆ, ಬೆನ್ನು ಬಾಗಿದೆ, ಆದರೆ ಎದುರಿನವರ ಮುಖ ನೋಡದೆ ಮೇಜು ನೋಡಿಕೊಂಡು ಮಾತಾಡುವ ಚಾಳಿ ಹಾಗೇ ಇದೆ. ಅಂಗಡಿಯವನ ಕೈಯಲ್ಲಿ ತಿರುಗುತ್ತಿದ್ದ ಸ್ಕ್ರೂಡ್ರೈವರ್ ನಿಂತಿತು.

"ಕಂಪ್ಯೂಟರಿಗೆ ಹೊರಗಿಂದ ಸಿಕ್ಕಿಸೋ ಸೌಂಡ್ ಕಾರ್ಡ್ ಇರುತ್ತಂತಲ್ಲ, ಅದು ಬೇಕಿತ್ತು," ಎಂದಳು. "ಹಳೇ ಕ್ಯಾಸೆಟ್ಟೊಂದನ್ನ ಕಂಪ್ಯೂಟರಿಗೆ ಇಳಿಸಬೇಕು."

ಇಪ್ಪತ್ತೆಂಟು ವರ್ಷದ ಹಿಂದೆ ಈಕೆ ರೇಡಿಯೋ ನಿಲಯದ ಮೇಲಧಿಕಾರಿ. ಅವನ ಅಪ್ಪ ಅಲ್ಲಿ ಮಕ್ಕಳಿಗೆ ಕಥೆ ಓದುತ್ತಿದ್ದವರು. ಸಂಜೆ ನಾಲ್ಕಾದರೆ ಅಮ್ಮ ಕೈಕೆಲಸ ಬಿಟ್ಟು ರೇಡಿಯೋ ಮುಂದೆ ಕೂರುತ್ತಿದ್ದಳು. ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು. ಅಮ್ಮ ಅವನ ಕೈ ಹಿಡಿದು ಈಕೆಯ ಕೋಣೆಗೆ ಹೋಗಿ, ಒಂದೇ ಒಂದು ಟೇಪು ಕೊಡಿ ಎಂದು ಅಂಗಲಾಚಿದ್ದಳು.

"ಎಲ್ಲಾ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿದ್ದೇವಮ್ಮ. ನಿಲಯದಲ್ಲಿ ಒಂದೂ ಉಳಿದಿಲ್ಲ," ಎಂದಿದ್ದಳು ಈಕೆ, ಮೇಜು ನೋಡುತ್ತಾ. ಅಳಿಸಲು ಸಹಿ ಹಾಕಿದವಳೂ ಈಕೆಯೇ. ಅಪ್ಪನ ಒಂದು ಕೆಮ್ಮು ಕೂಡ ಮನೆಯವರಿಗೆ ದಕ್ಕಲಿಲ್ಲ. "ಅವರ ದನಿ ಹೇಗಿತ್ತು ಅಂತಲೇ ಮರೆತು ಹೋಗ್ತಿದೆ ಕಣೋ," ಎಂದು ಅಮ್ಮ ಈಗಲೂ ಕಣ್ಣೊರೆಸಿಕೊಳ್ಳುತ್ತಾಳೆ.

"ಕ್ಯಾಸೆಟ್ಟಲ್ಲಿ ಏನಿದೆ?" ಎಂದ ಅವನು.

ಆಕೆ ಕಿವಿಗೆ ಕೈಯೊಡ್ಡಿದಳು. ಗಂಟಲು ಹರಿಯುವ ಹಾಗೆ ಮತ್ತೆ ಕೇಳಬೇಕಾಯಿತು.

"ಅಲ್ಲಿ ಇದ್ದಷ್ಟು ಕಾಲ ನಾನು ಮಾಡಿದ ಒಂದೇ ಒಳ್ಳೆ ಕೆಲಸ," ಎಂದು ನಕ್ಕಳು. "ಟೇಪು ಲಡ್ಡಾಗಿದೆ. ಇನ್ನೊಂದು ಸಲ ಓಡಿದರೆ ಹೆಚ್ಚು ಅಂದರು, ಪ್ಲೇಯರ್ ಸರಿಮಾಡಿದವರು."

ಹಾಗೋ! ಕಂಡವರದ್ದನ್ನೆಲ್ಲ ಅಳಿಸಿ, ತನ್ನದೊಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ ಮಹಾರಾಯ್ತಿ.

ಕಪಾಟಿನಲ್ಲಿ ಎರಡು ಬಗೆಯ ಕಾರ್ಡುಗಳಿದ್ದವು. ಒಂದಕ್ಕೆ ಕೆಂಪು, ಬಿಳಿ ತೂತುಗಳು. ಕ್ಯಾಸೆಟ್ ಪ್ಲೇಯರಿನ ದನಿಯನ್ನು ಇದ್ದದ್ದು ಇದ್ದ ಹಾಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಹೆಬ್ಬೆರಳಿನಷ್ಟು. ಅದಕ್ಕಿರುವುದು ಮೈಕಿನ ತೂತು, ಮೈಕಿನ ಸಣ್ಣ ದನಿಗೆಂದೇ ಮಾಡಿದ್ದು. ಪ್ಲೇಯರಿನ ಜೋರು ದನಿಯನ್ನು ಅದರೊಳಗೆ ನುಗ್ಗಿಸಿದರೆ ಬರುವುದು ಬರೀ ಗೊರಗೊರ.

ಅವನು ಚಿಕ್ಕದನ್ನು ಮುಂದಿಟ್ಟ.

"ಇದು ನಮ್ಮನೆ ಹಳೇ ಕಂಪ್ಯೂಟರಿಗೆ ಹೊಂದುತ್ತಾ?"

"ಸಿಕ್ಕಿಸಿದ ತಕ್ಷಣ ಹೊಂದುತ್ತೆ."

ಸುಳ್ಳೇನಲ್ಲ. ಕಂಪ್ಯೂಟರಿಗೆ ಹೊಂದುತ್ತದೆ. ಪ್ಲೇಯರಿಗೆ ಹೊಂದುತ್ತದೆಯೇ ಎಂದು ಆಕೆ ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಇಳಿಸಿದ್ದು ಬೇರೆ ಕಂಪ್ಯೂಟರಲ್ಲೂ ಕೇಳುತ್ತಾ? ಈಗ, ನಿಮ್ಮ ಅಂಗಡೀದರಲ್ಲಿ?"

"ಎಲ್ಲಿ ಬೇಕಾದರೂ." ಊರಿಗೆಲ್ಲ ಕೇಳಿಸೋ ಹುಚ್ಚು ಬೇರೆ ಈ ಮುದುಕಿಗೆ!

ಮೊದಲು ಬೇಡದ ಕ್ಯಾಸೆಟ್ಟು ಹಾಕಿ ಪರೀಕ್ಷೆ ಮಾಡಿ, ಆಮೇಲೆ ಬೇಕಾದ್ದನ್ನು ಹಾಕಿ. ಈ ಮಾತು ಹೇಳದೆ ಅವನು ಇವತ್ತಿನವರೆಗೆ ಒಬ್ಬ ಗಿರಾಕಿಯನ್ನೂ ಕಳಿಸಿದವನಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡ. ಯಾವ ತಂತಿ ಎಲ್ಲಿಗೆ, ಯಾವ ಗುಂಡಿ ಯಾವಾಗ ಎಂದು ಚೀಟಿ ಬರೆದು, ಕೊನೆಗೊಂದು ಸಾಲು ಸೇರಿಸಿದ: ಪ್ಲೇಯರಿನ ಸೌಂಡು ಪೂರ್ತಿ ಜೋರಿಗಿಡಿ.

ಆಕೆ ಮೆಟ್ಟಿಲಿಳಿದ ಮೇಲೆ ಸಿಳ್ಳೆ ಹಾಕಿದ. ಅನುಭವಿಸಲಿ. ಅಳಿಸಿಹೋದದ್ದು ಮತ್ತೆ ಸಿಗುವುದಿಲ್ಲ ಅಂದರೆ ಏನು ಅಂತ ಗೊತ್ತಾಗಲಿ. ಮನೆಯಲ್ಲಿ ಅಮ್ಮನಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದವನು, ಕೆಲಸ ಪೂರ್ತಿ ಆಗಲಿ ಎಂದು ತಡೆದುಕೊಂಡ.

ಮರುದಿನ ಮಧ್ಯಾಹ್ನ ಆಕೆ ಮತ್ತೆ ಬಂದಳು. ಮುಖದಲ್ಲಿ ಅಳುವಿಲ್ಲ, ಸಿಟ್ಟಿಲ್ಲ. ಅವನಿಗೆ ನಿರಾಸೆಯಾಯಿತು. ಆಕೆ ಕೈಚೀಲ ತಡಕಿ ಒಂದು ಪೆನ್‌ಡ್ರೈವ್ ತೆಗೆದಳು.

"ನೀವು ಬರೆದುಕೊಟ್ಟ ಹಾಗೇ ಮಾಡಿದೆ. ಕೊನೇವರೆಗೂ ಓಡಿತು. ಹೊರಗೆ ತೆಗೆಯುವಾಗ ಟೇಪು ಚೂರು ಚೂರಾಯ್ತು, ಹೋಗಲಿ ಬಿಡಿ. ನನ್ನ ಕಿವಿಗಂತೂ ಏನೂ ತಿಳಿಯಲ್ಲ. ನೀವೇ ಹಾಕಿ ಕೇಳಿ."

ಯಾರಿಗುಂಟು ಯಾರಿಗಿಲ್ಲ ಇಂಥ ಭಾಗ್ಯ! ಅವನು ಸ್ಪೀಕರ್ ಏರಿಸಿ ಗುಂಡಿ ಒತ್ತಿದ. ಗೊರ್‌ರ್‌ರ್. ಮಾತೂ ಅಲ್ಲ, ಹಾಡೂ ಅಲ್ಲ, ಗಂಡೋ ಹೆಣ್ಣೋ ತಿಳಿಯದ ಗೊರಗೊರ ಅಂಗಡಿಯನ್ನೆಲ್ಲ ತುಂಬಿತು. ಎದ್ದು ಕುಣಿಯಬೇಕೆನ್ನಿಸಿತು ಅವನಿಗೆ.

"ನೋಡಿ," ಎಂದು ಆಕೆಯ ಕಡೆ ತಿರುಗಿದ. ಆಕೆ ಮೇಜು ನೋಡುತ್ತಿರಲಿಲ್ಲ. ಕಣ್ಣು ತುಂಬಿಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು.

"ಅಳಿಸೋಕೆ ಸಹಿ ಹಾಕಿದ ದಿನವೇ ಇದೊಂದನ್ನ ಕದ್ದು ಮನೆಗೆ ಒಯ್ದಿದ್ದೆ, ಕೆಲಸ ಹೋಗುತ್ತೆ ಅಂತ ಹೆದರಿ ಅವತ್ತು ನಿಮ್ಮಮ್ಮನಿಗೆ ಕೊಡಲಿಲ್ಲ. ಈ ಅಂಗಡಿ ನಿಮ್ಮದು ಅಂತ ವಿಚಾರಿಸಿಕೊಂಡೇ ಬಂದೆ. ಚೆನ್ನಾಗಿ ಕೇಳಿಸ್ತಿದೆಯೇನಪ್ಪಾ, ನಿಮ್ಮ ತಂದೆಯವರ ದನಿ?"