ಕಿಟಕಿ ಪಕ್ಕದ ಸೀಟು

“ಅಡ್ಡ ಆನೆ ಬಂತು,” ಎಂದು ಮಗಳು ಸ್ಟೇರಿಂಗ್ ತಿರುಗಿಸಿದ್ದೇ ತಡ, ಹಿಂದೆ ಕೂತಿದ್ದ ಅಪ್ಪನ ಬಲಗಾಲು ಪಾತಾಳ ಮುಟ್ಟುವಷ್ಟು ಜೋರಾಗಿ ನೆಲವನ್ನು ಒತ್ತಿತು. ಸ್ಟೇರಿಂಗ್ ಎಂದರೆ ಅನ್ನದ ಪಾತ್ರೆಯ ಮುಚ್ಚಳ. ಬಸ್ಸೆಂದರೆ ನಡುಮನೆಯ ಕಿಟಕಿಗೆ ಒತ್ತಿಕೊಂಡಂತೆ ಸಾಲಾಗಿ ಇಟ್ಟ ಮೂರು ಕುರ್ಚಿ. ಅಪ್ಪನೋ, ಭೂಮಿಗೆ ನೂರೆಂಟು ಸುತ್ತು ಹಾಕುವಷ್ಟು ದೂರ ನಿಜವಾದ ಬಸ್ಸನ್ನೇ ಓಡಿಸಿದ ಡ್ರೈವರ್. ಅಂಥವನಿಗೆ ಇವತ್ತು ಎಂಟು ವರ್ಷದ ಮಗಳ ಮುಖ ನೋಡಲು ಧೈರ್ಯವಿರಲಿಲ್ಲ. ರಜೆಯ ದಿನ ಜಾಯಂಟ್ ವೀಲ್ ಹತ್ತಿಸುತ್ತೇನೆಂದು ಮಾತು ಕೊಟ್ಟಿದ್ದ. ಅದರ ಟಿಕೆಟ್ ದರ ಕೇಳಿ ಅವನ ಮೀಸೆಯೇ ಬಿಳಿಚಿಕೊಂಡಿತ್ತು.

“ಹೋಗ್ಲಿಲ್ಲ ಅಂತ ಬೇಜಾರಾ ಮರಿ?” ಎಂದು ಮೆತ್ತಗೆ ಕೇಳಿದ.

“ಓಡಿಸೋವಾಗ ಡ್ರೈವರ್ ಹತ್ರ ಮಾತಾಡಬಾರದು.”

ಕೊನೆಯ ಕುರ್ಚಿಯಲ್ಲಿದ್ದ ಅಮ್ಮ ಕಿಸಕ್ಕನೆ ನಕ್ಕಳು. “ನೀವೇ ಕಲಿಸಿದ ಮಾತು. ಅನುಭವಿಸಿ.”

ಮುಂದಿನ ತಿರುವಿನಲ್ಲಿ ಅಪ್ಪನ ಕಾಲು ಮತ್ತೆ ನೆಲ ಒತ್ತಿತು. ಮಗಳು ಬಸ್ ನಿಲ್ಲಿಸಿ ಇಳಿದು ಬಂದಳು. ಬಗ್ಗಿ, ಆ ಪಾದವನ್ನು ಎರಡೂ ಕೈಯಿಂದ ಎತ್ತಿ ಒಂದು ದಿಂಬಿನ ಮೇಲಿಟ್ಟಳು.

“ಬ್ರೇಕು ನನ್ನ ಹತ್ರ ಇದೆ ಅಪ್ಪಾ. ನೀನು ದಿನಾ ಎಲ್ಲರನ್ನೂ ಕರ್ಕೊಂಡು ಹೋಗ್ತೀಯ, ನಿನ್ನನ್ನ ಯಾರೂ ಕರ್ಕೊಂಡು ಹೋಗಲ್ಲ. ಅದಕ್ಕೇ ಕಿಟಕಿ ಸೀಟು ನಿಂಗೆ.”

ಕಿಟಕಿಯಾಚೆ ಇದ್ದದ್ದು ಪಕ್ಕದ ಮನೆಯ ಗೋಡೆ, ಅದರ ಮೇಲೊಂದು ಒರೆಸುವ ಬಟ್ಟೆ. ಏಳೂ ಸಮುದ್ರ ಒಟ್ಟಿಗೆ ಕಂಡವನಂತೆ ಅಪ್ಪ ಅದನ್ನೇ ನೋಡುತ್ತ ಕುಳಿತ. ಬಸ್ಸು ಹೊರಟಿತು. ದಾರಿಯಲ್ಲಿ ಇನ್ನೂ ಹದಿನಾಲ್ಕು ಆನೆಗಳು ಅಡ್ಡ ಬಂದವು. ದಿಂಬಿನ ಮೇಲಿನ ಕಾಲು ಅಲುಗಲಿಲ್ಲ.